ಕುಡುಕರ ಕೈ ಹಿಡಿದ ಕುಡುಕ: ಬಿಲ್ ವಿಲ್ಸನ್

ಅಮೇರಿಕಾದ ವರ್ಮಾಂಟ್ ಪ್ರಾಂತದಲ್ಲಿ ಈಸ್ಟ್ ಡಾರ್ಸೆಟ್ ಎಂಬುದೊಂದು ಸಣ್ಣ ಹಳ್ಳಿ. ಸುತ್ತಲೂ ಬೆಟ್ಟಗಳು, ಅಮೃತಶಿಲೆಯ ಗಣಿಗಳು. ಆ ಊರಿನಲ್ಲಿ ವಿಧವೆಯಾದ ಮುದುಕಿಯೊಬ್ಬಳು ಹೋಟೆಲು ನಡೆಸುತ್ತಿದ್ದಳು. 1895ರ ನವೆಂಬರ್ 26ರಂದು, ಆ ಹೋಟೆಲಿನ ಬಾರಿನ ಹಿಂದಣ ಕೋಣೆಯಲ್ಲಿ ಆಕೆಯ ಸೊಸೆಯು ಗಂಡು ಮಗುವನ್ನು ಹೆತ್ತಳು. ಮಗುವಿಗೆ ವಿಲಿಯಂ ಗ್ರಿಫಿತ್ ವಿಲ್ಸನ್ ಎಂದು ಹೆಸರಿಟ್ಟರು. ಮುಂದೆ ಲಕ್ಷಾಂತರ ಕುಡುಕರಿಗೆ ದಾರಿಯಾದವನು ಬಾರಿನ ಹಿಂದೆಯೇ ಕಣ್ಣು ತೆರೆದದ್ದು ವಿಧಿಯ ವಿನೋದವೆನ್ನಬೇಕು. ಹೋಟೆಲಿನಲ್ಲಿ ಹುಟ್ಟಿದ ಈತನ ಬಾಳಿನ ಅತಿ ಮುಖ್ಯವಾದ ಘಳಿಗೆಯೂ ಇನ್ನೊಂದು ಹೋಟೆಲಿನಲ್ಲಿಯೇ ಒದಗಿತು. ಹೋಟೆಲಿನಲ್ಲಿಯೇ ಅನ್ನ ಕಂಡುಕೊಂಡ ನಮಗೆ ಈತನ ಕಥೆ ಹೊರಗಿನದೆಂದು ತೋರದು.

ಬಿಲ್ ಹತ್ತು ವರ್ಷದವನಾಗಿದ್ದಾಗ ತಂದೆಯು ಮನೆ ಬಿಟ್ಟು ಹೊರಟುಹೋದನು. ತಾಯಿಯೂ ಓದಿಗಾಗಿ ದೂರದ ಬಾಸ್ಟನ್ನಿಗೆ ತೆರಳಿದಳು. ಬಿಲ್ಲನೂ ಅವನ ತಂಗಿಯೂ ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆದರು. ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು ಬಿಟ್ಟು ಬೇರಾರೂ ಬೂಮರಾಂಗ್ ಮಾಡಲಾರರೆಂದು ಒಮ್ಮೆ ಅಜ್ಜನು ಹೇಳಿದನಂತೆ. ಹುಡುಗನು ಆರು ತಿಂಗಳು ಅದರ ಹಿಂದೆಯೇ ಬಿದ್ದನು. ಕೊನೆಗೆ ತಾನು ಮಲಗುವ ಮಂಚದ ಹಲಗೆಯನ್ನೇ ಕೊಯ್ದು, ಎಸೆದರೆ ತಿರುಗಿ ಬರುವ ಬೂಮರಾಂಗನ್ನು ಮಾಡಿ ತೋರಿಸಿದನು. ಎಲ್ಲದರಲ್ಲಿಯೂ ತಾನೇ ಮೊದಲಿಗನಾಗಬೇಕೆಂಬ ಹಟ ಅಂದೇ ಅವನಲ್ಲಿ ಬೇರೂರಿತು. ಆದರೆ ಹದಿನೇಳರ ಹರೆಯದಲ್ಲಿ, ತಾನು ಪ್ರೀತಿಸಿದ ಸಹಪಾಠಿ ಹುಡುಗಿಯು ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಾಗ, ಆ ಹಟವೆಲ್ಲ ಕುಸಿಯಿತು. ತಿಂಗಳುಗಟ್ಟಲೆ ಮಂಕಾಗಿ ಕುಳಿತನು. ಮನಸ್ಸಿನ ಈ ಕತ್ತಲೆಯು ಬಾಳಿನುದ್ದಕ್ಕೂ ಅವನನ್ನು ಆಗಾಗ ಕವಿಯುತ್ತಿದ್ದಿತು.

1917ರಲ್ಲಿ ಅಮೇರಿಕಾ ಮಹಾಯುದ್ಧಕ್ಕಿಳಿದಾಗ ಬಿಲ್ ಸೈನ್ಯದ ಅಧಿಕಾರಿಯಾದನು. ಉದ್ದನೆಯ ಆಳು, ಬಹಳ ಸಂಕೋಚದ ಸ್ವಭಾವ. ನಾಲ್ಕು ಜನ ಸೇರಿದಲ್ಲಿ ಬಾಯಿ ಬಾರದು. ನ್ಯೂ ಬೆಡ್‌ಫರ್ಡಿನ ಶ್ರೀಮಂತರ ಮನೆಯೊಂದರ ಔತಣದಲ್ಲಿ ಯಾರೋ ಕೈಗೆ ಗ್ಲಾಸು ಕೊಟ್ಟರು. ಕುಡಿದೊಡನೆ ಸಂಕೋಚವೆಲ್ಲ ಹಾರಿಹೋಯಿತು. ಲೋಕದಲ್ಲಿ ತನಗೂ ಒಂದು ಜಾಗವಿದೆಯೆಂದು ಮೊದಲ ಬಾರಿಗೆ ಅನಿಸಿತು. ಕುಡಿತದ ಕಥೆಗಳಲ್ಲಿ ಹೆಚ್ಚಿನವು ಹೀಗೆಯೇ ಸುಖದಿಂದ ಆರಂಭವಾಗುತ್ತವೆ. 1918ರ ಜನವರಿ 24ರಂದು ಆತನು ಲೋಯಿಸ್ ಬರ್ನ್‌ಹ್ಯಾಮ್ ಎಂಬವಳನ್ನು ವಿವಾಹವಾದನು. ವೈದ್ಯನ ಮಗಳಾದ ಈ ಹೆಣ್ಣುಮಗಳು ಮುಂದೆ ಪಟ್ಟ ಪಾಡನ್ನು ನೆನೆದರೆ, ಕಥೆಯ ನಾಯಕಿ ಅವಳೇ ಎಂದರೂ ತಪ್ಪಾಗದು.

ಯುದ್ಧ ಮುಗಿಸಿ ಬಂದ ಬಿಲ್ ನ್ಯೂಯಾರ್ಕಿನ ಶೇರು ಪೇಟೆಯನ್ನು ಸೇರಿದನು. 1925ರಲ್ಲಿ ಗಂಡ ಹೆಂಡಿರಿಬ್ಬರೂ ಮೋಟಾರ್ ಸೈಕಲ್ಲಿನಲ್ಲಿ ಗುಡಾರ ಕಟ್ಟಿಕೊಂಡು ಹೊರಟು, ಕಂಪೆನಿಗಳ ಕಾರಖಾನೆಗಳನ್ನು ಕಣ್ಣಾರೆ ನೋಡಿ ವರದಿ ಬರೆದರು. ಹಣ ಹರಿದು ಬಂದಿತು. ಹಣದೊಡನೆ ಮದ್ಯವೂ ಹರಿಯಿತು. 1929ರ ಅಕ್ಟೋಬರಿನಲ್ಲಿ ಪೇಟೆ ಬಿದ್ದಾಗ ಬಿಲ್ಲನೂ ಬಿದ್ದನು. ದಂಪತಿಗಳು ಬ್ರೂಕ್ಲಿನ್ನಿನಲ್ಲಿದ್ದ ಲೋಯಿಸಳ ತೌರುಮನೆಗೆ ಬಂದು ಸೇರಿಕೊಂಡರು. ಆಕೆ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ಗಂಡನು ದಿನಕ್ಕೆ ಎರಡು ಬಾಟ್ಲಿ, ಕೆಲವೊಮ್ಮೆ ಮೂರು ಬಾಟ್ಲಿ ಜಿನ್ ಕುಡಿಯುತ್ತ, ಅವಳ ಬಡ ಪರ್ಸಿನಿಂದಲೇ ಕಾಸು ಕದಿಯುತ್ತಿದ್ದನು. ಮನೆಯ ಬೈಬಲ್ಲಿನಲ್ಲಿ ಇನ್ನು ಮುಟ್ಟೆನೆಂದು ಪ್ರತಿಜ್ಞೆ ಬರೆದುಕೊಡುವುದು, ಮತ್ತೆ ಕುಡಿಯುವುದು, ಮತ್ತೆ ಬರೆಯುವುದು. ಮೇಲಿನ ಕಿಟಕಿಯಿಂದ ಹಾರಿಬಿಟ್ಟೇನೆಂಬ ಭಯದಿಂದ ಹಾಸಿಗೆಯನ್ನು ಕೆಳಗಿನ ಅಂತಸ್ತಿಗೆ ಎಳೆದು ತಂದು ಮಲಗುವಷ್ಟಕ್ಕೆ ಸ್ಥಿತಿ ಮುಟ್ಟಿತು.

ಇಲ್ಲೊಂದು ಮಾತು. 1920ರಿಂದ 1933ರವರೆಗೆ ಅಮೇರಿಕಾದಲ್ಲಿ ಪಾನನಿರೋಧ ಜಾರಿಯಲ್ಲಿದ್ದಿತು. ಬಿಲ್ ಕುಡಿದು ಹಾಳಾದದ್ದು ಬಹುಪಾಲು ಆ ಕಾಲದಲ್ಲಿಯೇ. ಮುಂಬಯಿ ಪ್ರಾಂತದಲ್ಲಿ 1950ರಲ್ಲಿ ಪಾನನಿರೋಧ ಬಂದ ಬಳಿಕ ಗಲ್ಲಿಗಳಲ್ಲಿ ಏನು ನಡೆಯಿತೆಂಬುದನ್ನು ಹಿರಿಯರಿಂದ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಬಿಲ್ಲನ ತಂಗಿಯ ಗಂಡನು ವೈದ್ಯನಾಗಿದ್ದನು. ಆತನ ನೆರವಿನಿಂದ ಬಿಲ್ಲನನ್ನು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರ್ ವಿಲಿಯಂ ಸಿಲ್ಕ್‌ವರ್ತ್ ಸಾವಿರಾರು ಕುಡುಕರನ್ನು ಕಂಡವನು. ಕುಡಿತವು ನೀತಿಗೇಡಿತನವಲ್ಲ, ಅದೊಂದು ರೋಗ. ಒಂದು ಗುಟುಕು ಒಳಗೆ ಹೋದರೆ ಇಂತಹವರ ಶರೀರವು ಇನ್ನಷ್ಟು ಬೇಡುತ್ತದೆ, ಕುಡಿಯದೆ ಇದ್ದಾಗ ಮನಸ್ಸು ಮೊದಲ ಗುಟುಕಿನ ಕಡೆಗೆ ಎಳೆಯುತ್ತದೆ ಎಂಬುದು ಅವನ ಅಭಿಪ್ರಾಯ. ಶರೀರಕ್ಕೆ ಮದ್ಯದ ಅಲರ್ಜಿಯಿದೆ ಎಂಬ ಅವನ ವಿವರಣೆಯನ್ನು ಇಂದಿನ ವೈದ್ಯರು ಒಪ್ಪರು. ಅದು ರೋಗವೆಂಬುದನ್ನು ಒಪ್ಪುತ್ತಾರೆ. ತಾನು ದುಷ್ಟನಲ್ಲ, ರೋಗಿಯೆಂದು ತಿಳಿದು ಬಿಲ್ಲನಿಗೆ ಸಮಾಧಾನವಾಯಿತು. ಆದರೂ ಕುಡಿತ ನಿಲ್ಲಲಿಲ್ಲ. 1934ರಲ್ಲಿ ಡಾಕ್ಟರನು ಲೋಯಿಸಳನ್ನು ಕರೆದು, ಈತನನ್ನು ಕೂಡಿಹಾಕದಿದ್ದರೆ ಹುಚ್ಚು ಅಥವಾ ಸಾವು ತಪ್ಪದೆಂದು ತಿಳಿಸಿಬಿಟ್ಟನು.

ಆ ವರ್ಷದ ನವೆಂಬರಿನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯನು ಮನೆಗೆ ಬಂದನು. ಎಬಿಯೂ ಪ್ರಸಿದ್ಧ ಕುಡುಕ. ಜೊತೆಗಾರ ಸಿಕ್ಕನೆಂದು ಬಿಲ್ ಅಡಿಗೆಮನೆಯ ಮೇಜಿನ ಮೇಲೆ ಗ್ಲಾಸನ್ನು ಮುಂದೆ ತಳ್ಳಿದನು. ಎಬಿಯು ಬೇಡವೆಂದನು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಮಂಡಳಿಯ ಸಹವಾಸದಿಂದ ತಾನು ಬಿಟ್ಟಿರುವೆನೆಂದು ತಿಳಿಸಿದನು. ಉಪದೇಶ ಮಾಡಲಿಲ್ಲ; ತನಗೆ ಆದುದನ್ನು ಹೇಳಿ ಹೊರಟುಹೋದನು. ದೇವರ ಮಾತು ಬಿಲ್ಲನಿಗೆ ರುಚಿಸಲಿಲ್ಲವಾದರೂ ಗೆಳೆಯನ ತಿಳಿಯಾದ ಕಣ್ಣುಗಳು ಮರೆಯಲಿಲ್ಲ. ಡಿಸೆಂಬರ್ 11ರಂದು, ದಾರಿಯುದ್ದಕ್ಕೂ ಬಿಯರ್ ಕುಡಿಯುತ್ತಲೇ, ಆತನು ಕೊನೆಯ ಬಾರಿಗೆ ಟೌನ್ಸ್ ಆಸ್ಪತ್ರೆಗೆ ಹೋದನು. ಅಲ್ಲಿ ಕೆಲವು ದಿನಗಳಲ್ಲಿ, ಆಶೆಯೆಲ್ಲ ಬತ್ತಿದ ಘಳಿಗೆಯಲ್ಲಿ, ಕೋಣೆಯೆಲ್ಲ ಬೆಳಕು ತುಂಬಿದಂತೆಯೂ ತಾನು ಬಂಧಮುಕ್ತನಾದಂತೆಯೂ ಅವನಿಗೆ ಭಾಸವಾಯಿತು. ಅಲ್ಲಿ ಕೊಡುತ್ತಿದ್ದ ಬೆಲಡೋನಾ ಔಷಧದ ಪ್ರಭಾವವೇ ಅದೆಂದು ಹೇಳುವವರಿದ್ದಾರೆ. ತನಗೆ ಹುಚ್ಚು ಹಿಡಿಯಿತೇ ಎಂದು ಬಿಲ್ ಕೇಳಿದಾಗ ಸಿಲ್ಕ್‌ವರ್ತನು, ಅದೇನೇ ಇರಲಿ, ಹಿಂದಿನ ಸ್ಥಿತಿಗಿಂತ ಲೇಸು, ಬಿಡದೆ ಹಿಡಿದುಕೋ ಎಂದನು. ಮತ್ತೆ ಬಿಲ್ ಕುಡಿಯಲಿಲ್ಲ.

ಆಸ್ಪತ್ರೆಯಿಂದ ಹೊರಬಂದವನೇ ಊರಿನ ಕುಡುಕರನ್ನೆಲ್ಲ ಉದ್ಧರಿಸಲು ಹೊರಟನು. ತನಗೆ ಕಂಡ ಬೆಳಕನ್ನು ವರ್ಣಿಸಿದನು, ಬೋಧಿಸಿದನು, ಮನೆಗೆ ಕರೆತಂದು ಉಣಿಸಿದನು. ಆರು ತಿಂಗಳಲ್ಲಿ ಒಬ್ಬನೂ ಬಿಡಲಿಲ್ಲ. ಬೇಸತ್ತು ಹೆಂಡತಿಯೊಡನೆ ಹೇಳಿಕೊಂಡಾಗ, ಬೇರಾರೂ ಬಿಡದಿದ್ದರೂ ನೀವಂತೂ ಬಿಟ್ಟಿರುವಿರಲ್ಲ ಎಂದು ಆಕೆ ನೆನಪಿಸಿದಳು. ಸಿಲ್ಕ್‌ವರ್ತನು ಇನ್ನೊಂದು ಮಾತು ತಿಳಿಸಿದನು: ಉಪದೇಶ ನಿಲ್ಲಿಸು, ಮೊದಲು ರೋಗದ ಸಂಗತಿಯನ್ನೇ ಹೇಳು ಎಂದು.

ಈ ಭಾಗವನ್ನು ಓದುವಾಗ ನನಗೆ ನಾಚಿಕೆಯಾಯಿತು. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲೊಬ್ಬ ಅಡಿಗೆಯವನಿದ್ದನು. ಒಳ್ಳೆಯ ಕೈ. ಸಂಬಳದ ಮರುದಿನ ಒಲೆಯ ಮುಂದೆ ಬರುತ್ತಿರಲಿಲ್ಲ. ಮೂರು ಬಾರಿ ಗಲ್ಲಾದ ಬಳಿ ನಿಲ್ಲಿಸಿ, ಊರಿನಲ್ಲಿರುವ ಹೆಂಡತಿ ಮಕ್ಕಳ ಹೆಸರೆತ್ತಿ ಬುದ್ಧಿ ಹೇಳಿದೆನು. ಮೂರು ಬಾರಿಯೂ ಅತ್ತನು. ನಾಲ್ಕನೆಯ ಬಾರಿ ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಟ್ಟೆನು. ರೋಗಿಯ ಜೊತೆ ಮಾತಾಡುತ್ತಿರುವೆನೆಂಬುದು ನನಗೆ ತಿಳಿದಿರಲಿಲ್ಲ. ಅವನು ಎಲ್ಲಿಗೆ ಹೋದನೆಂಬುದೂ ತಿಳಿಯದು.

ಇನ್ನು ಮುಖ್ಯ ಘಟನೆ. 1935ರ ಮೇ ತಿಂಗಳಲ್ಲಿ ಬಿಲ್ ವ್ಯಾಪಾರದ ಕೆಲಸಕ್ಕಾಗಿ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣಕ್ಕೆ ಹೋದನು. ರಬ್ಬರು ಯಂತ್ರದ ಕಂಪೆನಿಯೊಂದರ ಆಡಳಿತವನ್ನು ಕೈಗೆ ತೆಗೆದುಕೊಳ್ಳುವ ಹೋರಾಟವದು. ಸೋತಿತು. ಜೊತೆಗಾರರು ನ್ಯೂಯಾರ್ಕಿಗೆ ಮರಳಿದರು. ಮೇ 11, ಶನಿವಾರ. ಗುರುತಿಲ್ಲದ ಊರಿನ ಮೇಫ್ಲವರ್ ಹೋಟೆಲಿನ ಮುಂಗಟ್ಟಿನಲ್ಲಿ ಮೂವತ್ತೊಂಬತ್ತು ವರ್ಷದ ಬಿಲ್ ಒಬ್ಬನೇ ಅತ್ತಿತ್ತ ನಡೆಯುತ್ತಿದ್ದನು. ಜೇಬಿನಲ್ಲಿ ಹತ್ತು ಡಾಲರಿನಷ್ಟು ಹಣ. ಒಂದು ಮಗ್ಗುಲಲ್ಲಿ ಬಾರು. ಒಳಗಿನಿಂದ ಗ್ಲಾಸುಗಳ ಸದ್ದು, ನಗೆ, ಮಾತು. ಒಳಗೆ ಹೋಗಿ ಬರಿಯ ಶುಂಠಿ ಸೋಡಾ ಕುಡಿದು ಯಾರೊಡನಾದರೂ ಮಾತಾಡಿ ಬರಬಹುದಲ್ಲವೇ ಎಂದು ಮನಸ್ಸು ಹೇಳಿತು. ಆ ಮಾತಿನ ಕೊನೆ ಎಲ್ಲಿಗೆ ಮುಟ್ಟುವುದೆಂದು ಅವನಿಗೆ ತಿಳಿದಿತ್ತು. ಭಯದಿಂದ ಮೈ ನಡುಗಿತು. ಇನ್ನೊಂದು ಮಗ್ಗುಲಲ್ಲಿ ಟೆಲಿಫೋನು, ಅದರ ಬಳಿ ಊರಿನ ಇಗರ್ಜಿಗಳ ಪಟ್ಟಿ. ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಆರು ತಿಂಗಳು ತನ್ನನ್ನು ಕಾಪಾಡಿದ್ದು ಬೇರೆ ಕುಡುಕರೊಡನೆ ಆಡಿದ ಮಾತು. ಈಗ ತನಗೆ ಬೇಕಾದವನು ಪಾದ್ರಿಯಲ್ಲ, ವೈದ್ಯನಲ್ಲ, ಇನ್ನೊಬ್ಬ ಕುಡುಕ. ಅವನಿಗಾಗಿ ಅಲ್ಲ, ತನಗಾಗಿ.

ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬನಿಗೆ ಫೋನು ಮಾಡಿದನು. ಆತನು ಹತ್ತು ಹೆಸರುಗಳನ್ನು ಕೊಟ್ಟನು. ಒಬ್ಬೊಬ್ಬರನ್ನೇ ಕರೆಯುತ್ತ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಗೆ ಕರೆ ಮುಟ್ಟಿತು. ಗುಡ್‌ಇಯರ್ ಟಯರು ಕಂಪೆನಿಯನ್ನು ಸ್ಥಾಪಿಸಿದವರ ಮನೆಯ ಸೊಸೆ. ತಾನು ನ್ಯೂಯಾರ್ಕಿನ ಕುಡುಕ, ಇನ್ನೊಬ್ಬ ಕುಡುಕನನ್ನು ಹುಡುಕುತ್ತಿದ್ದೇನೆ ಎಂದು ಗುರುತಿಲ್ಲದವನೊಬ್ಬನು ಹೇಳಿದರೆ ಫೋನು ಕೆಳಗಿಡುವವರೇ ಹೆಚ್ಚು. ಆಕೆ ಇಡಲಿಲ್ಲ. ಆಕೆಯ ಬಳಗದವರು ಊರಿನ ಡಾಕ್ಟರನೊಬ್ಬನ ಕುಡಿತ ಬಿಡಲೆಂದು ಆಗಲೇ ಪ್ರಾರ್ಥಿಸುತ್ತಿದ್ದರು.

ಆ ಡಾಕ್ಟರನೇ ರಾಬರ್ಟ್ ಸ್ಮಿತ್. ಐವತ್ತೈದು ವರ್ಷದ ಶಸ್ತ್ರವೈದ್ಯ. ರಾತ್ರಿ ಮದ್ಯ, ಬೆಳಿಗ್ಗೆ ಕೈನಡುಕ ನಿಲ್ಲಿಸಲು ಮತ್ತಿನ ಔಷಧ. ಹೀಗೆ ವರ್ಷಗಟ್ಟಲೆ ನಡೆದಿತ್ತು. ಆ ಶನಿವಾರ, ಮರುದಿನದ ತಾಯಂದಿರ ದಿನಕ್ಕೆಂದು ಹೆಂಡತಿಗೆ ಹೂವಿನ ಕುಂಡವನ್ನು ತಂದು, ತಾನು ಎಚ್ಚರವಿಲ್ಲದೆ ಬಿದ್ದಿದ್ದನು. ಮರುದಿನ ಸಂಜೆ ಐದು ಗಂಟೆಗೆ ಹೆಂಡತಿ ಆನ್ ಅವನನ್ನು ಸೈಬರ್ಲಿಂಗ್ ಮನೆಗೆ ಕರೆತಂದಳು. ಹದಿನೈದೇ ನಿಮಿಷ ಎಂದು ಕರಾರು ಮಾಡಿಕೊಂಡು ಬಂದಿದ್ದನು. ಬಿಲ್ಲನೂ ಅವನೂ ಚಿಕ್ಕ ಕೋಣೆಯೊಂದರಲ್ಲಿ ಕುಳಿತರು. ಈ ಬಾರಿ ಬಿಲ್ ಬೋಧಿಸಲಿಲ್ಲ. ತನ್ನ ಜಿನ್ ಬಾಟ್ಲಿ, ಹೆಂಡತಿಯ ಪರ್ಸು, ಬೈಬಲ್ಲಿನ ಪ್ರತಿಜ್ಞೆ, ಸಿಲ್ಕ್‌ವರ್ತನ ಮಾತು, ನಿನ್ನೆಯ ಹೋಟೆಲಿನ ಭಯ, ಎಲ್ಲವನ್ನೂ ಹೇಳಿದನು. ನಿನ್ನಿಂದ ನನಗೆ ಉಪಕಾರವಾಗಬೇಕಾಗಿದೆ ಎಂದೂ ತಿಳಿಸಿದನು. ಅಲ್ಲಿಯವರೆಗೆ ಡಾಕ್ಟರನೊಡನೆ ಮಾತಾಡಿದವರೆಲ್ಲ ಮೇಲೆ ನಿಂತು ಕೆಳಗೆ ನೋಡಿದವರು. ಈತನು ಪಕ್ಕದಲ್ಲಿ ಕುಳಿತವನು. ಹದಿನೈದು ನಿಮಿಷ ಆರು ಗಂಟೆಯಾಯಿತು. ಇಬ್ಬರೂ ಎದ್ದಾಗ ರಾತ್ರಿ ಹನ್ನೊಂದು.

ಒಂದು ಮಾತುಕತೆಯಿಂದಲೇ ಎಲ್ಲ ಸರಿಯಾಯಿತೆಂದು ಬರೆದರೆ ಸುಳ್ಳಾಗುವುದು. ಡಾಕ್ಟರನು ಕೆಲವು ವಾರ ಬಿಟ್ಟಿದ್ದು, ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋದಾಗ ಮತ್ತೆ ಕುಡಿದು, ದಿನಗಟ್ಟಲೆ ಪತ್ತೆಯಿಲ್ಲದಾದನು. ಮರಳಿದಾಗ ಯಾರೂ ಬಯ್ಯಲಿಲ್ಲ. ಬಿಲ್ಲನೂ ಆನಳೂ ಹಗಲಿರುಳು ಶುಶ್ರೂಷೆ ಮಾಡಿದರು, ಏಕೆಂದರೆ ಮೂರು ದಿನಗಳಲ್ಲಿ ಆತನು ಒಂದು ಶಸ್ತ್ರಚಿಕಿತ್ಸೆ ಮಾಡಬೇಕಾಗಿತ್ತು. ಆ ದಿನ ಬೆಳಿಗ್ಗೆ ಕೈ ನಡುಗದಿರಲೆಂದು ಬಿಲ್ಲನೇ ಒಂದು ಬಾಟ್ಲಿ ಬಿಯರ್ ಕೊಟ್ಟು ಆಸ್ಪತ್ರೆಗೆ ಬಿಟ್ಟು ಬಂದನು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಿದೆಯೆಂದು ವೈದ್ಯರು ಹೇಳುತ್ತಾರೆ. ಇಂದಿನ ದಿನಗಳಲ್ಲಿ ಅದಕ್ಕೆ ಆಸ್ಪತ್ರೆಯೇ ದಾರಿ, ಬಿಯರ್ ಅಲ್ಲ. ಚಿಕಿತ್ಸೆ ಮುಗಿದರೂ ಡಾಕ್ಟರನು ಮನೆಗೆ ಬರಲಿಲ್ಲ. ಮತ್ತೆ ಬಾರಿಗೆ ಹೋದನೆಂದು ಮನೆಯವರು ನಡುಗಿದರು. ಕೊನೆಗೆ ಬಂದನು. ಸಾಲ ಕೊಟ್ಟವರ ಮನೆಗೂ ತನ್ನಿಂದ ನೊಂದವರ ಮನೆಗೂ ಹೋಗಿ, ತಪ್ಪೊಪ್ಪಿಕೊಂಡು ಬಂದಿದ್ದನು. ಆ ದಿನವು 1935ರ ಜೂನ್ 10 ಎಂದು ಸಂಘದವರು ಎಣಿಸುತ್ತಾರೆ. ಅಂದಿನ ಬಿಯರೇ ಅವನ ಕೊನೆಯ ಮದ್ಯ. 1950ರಲ್ಲಿ ಸಾಯುವವರೆಗೆ ಆತನು ಮತ್ತೆ ಮುಟ್ಟಲಿಲ್ಲ. ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಸಂನ್ಯಾಸಿನಿಯೊಡನೆ ಸಾವಿರಾರು ಕುಡುಕರಿಗೆ ಚಿಕಿತ್ಸೆ ನೀಡಿದನು.

ಮೂರನೆಯವನು ಒಬ್ಬ ವಕೀಲ. ದಾದಿಯರ ಮೇಲೆ ಕೈಮಾಡಿ, ಆಸ್ಪತ್ರೆಯ ಮಂಚಕ್ಕೆ ಕಟ್ಟಲ್ಪಟ್ಟಿದ್ದವನು. ಇಬ್ಬರೂ ಅವನ ಬಳಿ ಕುಳಿತು ತಮ್ಮ ಕಥೆ ಹೇಳಿದರು. ಆತನೂ ಬಿಟ್ಟನು. ಹೀಗೆ ಒಬ್ಬರಿಂದೊಬ್ಬರಿಗೆ ಹಬ್ಬಿ, 1937ರ ಕೊನೆಗೆ ಲೆಕ್ಕ ಹಾಕಿದಾಗ ಸುಮಾರು ನಲವತ್ತು ಮಂದಿ. 1939ರಲ್ಲಿ ತಮ್ಮ ಅನುಭವವನ್ನೂ ಹನ್ನೆರಡು ಮೆಟ್ಟಿಲುಗಳ ಕ್ರಮವನ್ನೂ ಪುಸ್ತಕವಾಗಿ ಪ್ರಕಟಿಸಿದರು. ಅದರ ಹೆಸರೇ ಸಂಘದ ಹೆಸರಾಯಿತು: ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳು. ಕುಡುಕನೆಂಬ ಹೆಸರು ಬಂದರೆ ನೌಕರಿ ಹೋಗುವುದೆಂಬ ಭಯ ಆಫೀಸಿನ ಗುಮಾಸ್ತರಿಗೂ ಹೋಟೆಲಿನ ನೌಕರರಿಗೂ ಚೆನ್ನಾಗಿ ಗೊತ್ತು. ಅಲ್ಲಿ ಪೂರ್ಣ ಹೆಸರನ್ನು ಕೇಳುವವರಿಲ್ಲ, ಚಂದಾ ಹಣವಿಲ್ಲ. ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು.

ಪುಸ್ತಕ ಹೊರಬಂದ ವರ್ಷವೇ ಬಿಲ್ ದಂಪತಿಗಳು ಸಾಲದಿಂದಾಗಿ ಮನೆ ಕಳೆದುಕೊಂಡು, ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ಅಲೆದರು. ಕೋಟ್ಯಧೀಶ ರಾಕ್‌ಫೆಲರ್ 1940ರಲ್ಲಿ ಶ್ರೀಮಂತರನ್ನು ಕರೆದು ಔತಣವನ್ನೇನೋ ಏರ್ಪಡಿಸಿದನು. ಆದರೆ ಇಂತಹ ಕಾರ್ಯಕ್ಕೆ ಬೇಕಾದುದು ಸದ್ಭಾವನೆ, ಹಣವಲ್ಲ ಎಂದು ಅವನ ಮಗನು ಸಾರಿಬಿಟ್ಟನು. ಬಿಲ್ಲನಿಗೆ ಆ ಸಂಜೆ ಹೇಗಾಗಿರಬೇಡ! 1941ರ ಮಾರ್ಚಿನಲ್ಲಿ ಪ್ರಸಿದ್ಧ ವಾರಪತ್ರಿಕೆಯೊಂದರಲ್ಲಿ ಲೇಖನ ಬಂದ ಮೇಲೆ ಎರಡು ಸಾವಿರವಿದ್ದ ಸದಸ್ಯರು ವರ್ಷದೊಳಗೆ ಎಂಟು ಸಾವಿರವಾದರು. 1951ರಲ್ಲಿ ಲೋಯಿಸಳು ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಸಂಘವನ್ನು ಕಟ್ಟಿದಳು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಮೆಟ್ಟಿಲುಗಳನ್ನು ಹಿಡಿದು ಅಫೀಮು ಮೊದಲಾದ ಮಾದಕ ಪದಾರ್ಥಗಳ ವ್ಯಸನಿಗಳ ಸಂಘ ಹುಟ್ಟಿತು. 1957ರಲ್ಲಿ ಬಿಲ್ಲನ ಸಂಘ ಭಾರತಕ್ಕೂ ಬಂದಿತು. ಇಂದು ಕನ್ನಡದಲ್ಲಿಯೂ ಅದರ ಸಭೆಗಳು ನಡೆಯುತ್ತವೆ.

ಬಿಲ್ಲನನ್ನು ಸಂತನೆನ್ನಲಾಗದು. ಹೆಂಡತಿಗೆ ಪೂರ್ಣ ನಿಷ್ಠನಾಗಿರಲಿಲ್ಲ. ಕುಡಿತ ಬಿಟ್ಟ ಬಳಿಕವೂ ವರ್ಷಗಟ್ಟಲೆ ಮನಸ್ಸಿನ ಕತ್ತಲೆಯಲ್ಲಿ ನರಳಿದನು. ಸಿಗರೇಟನ್ನಂತೂ ಬಿಡಲಾರದೆ ಹೋದನು. ಆದರೆ ಎಲ್ಲದರಲ್ಲಿಯೂ ಮೊದಲಿಗನಾಗಬೇಕೆಂದಿದ್ದ ಆ ಹುಡುಗನೇ, 1954ರಲ್ಲಿ ಯೇಲ್ ವಿಶ್ವವಿದ್ಯಾಲಯವು ಕೊಡಬಂದ ಗೌರವ ಪದವಿಯನ್ನು ಬೇಡವೆಂದನು. ಮರುವರ್ಷ ಸಂಘದ ಹೊಣೆಯನ್ನು ಸದಸ್ಯರಿಗೇ ಒಪ್ಪಿಸಿದನು.

ಕೊನೆಗೆ ಸಿಗರೇಟೇ ಅವನ ಶ್ವಾಸಕೋಶವನ್ನು ತಿಂದಿತು. ಕೊನೆಯ ದಿನಗಳಲ್ಲಿ, ಪ್ರಜ್ಞೆ ಮಸುಕಾಗುತ್ತಿದ್ದಾಗ, ಆತನು ಕೆಲವು ಬಾರಿ ವ್ಹಿಸ್ಕಿ ಕೇಳಿದ್ದನೆಂಬುದು ದಾದಿಯರ ಟಿಪ್ಪಣಿಗಳಿಂದ ಬಹುಕಾಲದ ನಂತರ ಹೊರಬಿದ್ದಿತು. ಬಿಟ್ಟು ಮೂವತ್ತಾರು ವರ್ಷಗಳಾಗಿದ್ದವು. ಕೇಳಿದನು, ಯಾರೂ ಕೊಡಲಿಲ್ಲ. 1971ರ ಜನವರಿ 24ರಂದು, ವಿವಾಹದ ಐವತ್ತಮೂರನೆಯ ವರ್ಷದಿನದಂದೇ, ಮಯಾಮಿಯಲ್ಲಿ ತೀರಿಕೊಂಡನು. ಪತ್ರಿಕೆಗಳು ಅವನ ಪೂರ್ಣ ಹೆಸರನ್ನು ಸಾರಿದ್ದು ಆಗಲೇ.

ಈಸ್ಟ್ ಡಾರ್ಸೆಟಿನಲ್ಲಿ ಅವನ ಗೋರಿಯಿದೆ. ಕಲ್ಲಿನ ಮೇಲೆ ಸಂಘದ ಸುದ್ದಿಯೇ ಇಲ್ಲ. ಕುಡಿತ ಬಿಟ್ಟು ಇಂತಿಷ್ಟು ತಿಂಗಳು, ಇಂತಿಷ್ಟು ವರ್ಷವಾಯಿತೆಂದು ಸಭೆಗಳಲ್ಲಿ ಕೊಡುವ ಬಿಲ್ಲೆಗಳನ್ನು ಬಂದವರು ಅದರ ಮೇಲಿಟ್ಟು ಹೋಗುತ್ತಾರೆ.