ಮೇಲ್ಮೈಯ ಗುಟ್ಟು ಬಿಡಿಸಿದ ಲ್ಯಾಂಗ್‌ಮ್ಯೂರ್

ನೀರಿನಿಂದ ಸೀಸ, ಫ್ಲೋರೈಡ್ ಅಥವಾ ಬಣ್ಣದ ರಾಸಾಯನಿಕಗಳನ್ನು ತೆಗೆಯುವ ಕುರಿತ ಯಾವುದೇ ಸಂಶೋಧನಾ ಪ್ರಬಂಧವನ್ನು ತೆರೆದರೂ ಅಲ್ಲಿ ಬಹುತೇಕ ಕಾಣಸಿಗುವ ಹೆಸರು ಇರ್ವಿಂಗ್ ಲ್ಯಾಂಗ್‌ಮ್ಯೂರ್. ವಿಚಿತ್ರವೆಂದರೆ, ಆತ ಕೊಳಕು ನೀರಿನ ಬಗ್ಗೆ ಚಿಂತಿಸಲು ಹೊರಟವನೇ ಅಲ್ಲ. ಅವನ ದಾರಿ ಆರಂಭವಾದದ್ದು ವಿದ್ಯುತ್ ಬಲ್ಬಿನಿಂದ.

ಲ್ಯಾಂಗ್‌ಮ್ಯೂರ್ ಜನಿಸಿದ್ದು 1881ರ ಜನವರಿ 31ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬಾಲಕನ ದೃಷ್ಟಿ ಮಂದವೆಂಬುದು ಮನೆಯವರಿಗೆ ತಿಳಿದದ್ದು ಅವನ ಹನ್ನೊಂದನೆಯ ವಯಸ್ಸಿನಲ್ಲಿ. ಕೊಲಂಬಿಯಾದಲ್ಲಿ ಲೋಹಶಾಸ್ತ್ರ ಕಲಿತು, ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಲ್ಟರ್ ನರ್ನ್‌ಸ್ಟ್ ಅವರ ಕೈಕೆಳಗೆ 1906ರಲ್ಲಿ ಡಾಕ್ಟರೇಟ್ ಪಡೆದ. ಕೆಲಕಾಲ ಅಧ್ಯಾಪಕನಾಗಿದ್ದು, 1909ರಲ್ಲಿ ಷೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ ಸೇರಿದ.

ಅಂದಿನ ಟಂಗ್‌ಸ್ಟನ್ ಬಲ್ಬುಗಳು ಬೇಗನೆ ಒಳಗಿನಿಂದ ಕಪ್ಪಾಗುತ್ತಿದ್ದವು. ಬಲ್ಬಿನಲ್ಲಿ ಉಳಿದ ಗಾಳಿಯೇ ಕಾರಣವೆಂದು ಹಲವರು ನಂಬಿದ್ದರು. ತಂತಿಯೇ ಆವಿಯಾಗಿ ಗಾಜಿಗೆ ಅಂಟುತ್ತಿದೆ ಎಂದು ಲ್ಯಾಂಗ್‌ಮ್ಯೂರ್ ಸಾಧಿಸಿದ. ಪರಿಹಾರವಾಗಿ ಬಲ್ಬಿಗೆ ಜಡ ಅನಿಲ ತುಂಬಿಸಿದ. ಈ ಪ್ರಯೋಗಗಳ ನಡುವೆ, ಅನಿಲದ ಅಣುಗಳು ತಂತಿಗೂ ಗಾಜಿಗೂ ಹೇಗೆ ಅಂಟಿಕೊಳ್ಳುತ್ತವೆ ಎಂಬ ಪ್ರಶ್ನೆ ಅವನನ್ನು ಹಿಡಿದಿಟ್ಟಿತು.

ಘನವಸ್ತುವಿನ ಹೊರಮೈಗೆ ಅಣುಗಳು ಹೀಗೆ ಅಂಟಿಕೊಳ್ಳುವುದೇ ಅಧಿಶೋಷಣೆ. ಮೇಲ್ಮೈಯೆಂಬುದು ನಿಗದಿತ ಸಂಖ್ಯೆಯ ಆಸನಗಳಿರುವ ಸಭಾಂಗಣದಂತೆ; ಒಂದು ಆಸನಕ್ಕೆ ಒಂದೇ ಅಣು, ಎಲ್ಲವೂ ತುಂಬಿದ ಮೇಲೆ ಹೊಸಬರಿಗೆ ಎಡೆಯಿಲ್ಲ ಎಂಬುದು ಅವನ ನಿಲುವು. 1918ರಲ್ಲಿ ಇದನ್ನು ಸರಳ ಸಮೀಕರಣವಾಗಿ ನಿರೂಪಿಸಿದ. ಒಂದು ಗ್ರಾಂ ಇಂಗಾಲ ಗರಿಷ್ಠ ಎಷ್ಟು ಮಲಿನವಸ್ತುವನ್ನು ಹಿಡಿದೀತು ಎಂದು ಇಂದಿಗೂ ಅಂದಾಜಿಸುವುದು ಬಹುಮಟ್ಟಿಗೆ ಇದರ ಬಲದಿಂದಲೇ.

1917ರ ಅವನ ಮತ್ತೊಂದು ಅಧ್ಯಯನ ಇನ್ನೂ ಆಳವಾದುದು. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಅಡುಗೆಮನೆಯಲ್ಲಿ ರೂಪಿಸಿದ್ದ ತಟ್ಟೆಯ ವಿಧಾನವನ್ನು ಸುಧಾರಿಸಿ, ನೀರಿನ ಮೇಲೆ ಹರಡಿದ ಕೊಬ್ಬಿನಾಮ್ಲದ ಪದರವನ್ನು ಅಳೆದ. ಅಣುವಿನ ಬಾಲ ಉದ್ದವಿರಲಿ, ಗಿಡ್ಡವಿರಲಿ, ಅದು ಆಕ್ರಮಿಸುವ ಜಾಗ ಹೆಚ್ಚುಕಡಿಮೆ ಒಂದೇ. ಅಂದರೆ ಅಣುಗಳು ಮಲಗಿಲ್ಲ, ನಿಂತಿವೆ. ಕಾರ್ಬಾಕ್ಸಿಲ್ ಎಂಬ ತಲೆ ನೀರಿನೊಳಗೆ, ಬಾಲ ಮೇಲಕ್ಕೆ. ಅಣುವಿನ ನಡತೆಯನ್ನು ನಿರ್ಧರಿಸುವುದು ಅದರ ತುದಿಯಲ್ಲಿರುವ ಕ್ರಿಯಾಗುಂಪು ಎಂಬುದು ಹೀಗೆ ಸ್ಪಷ್ಟವಾಯಿತು.

ನೀರಿನ ಶುದ್ಧೀಕರಣ ಇದೇ ತತ್ತ್ವವನ್ನು ಬಳಸುತ್ತದೆ. ಇಂಗಾಲದ ಮೇಲಿನ ಕಾರ್ಬಾಕ್ಸಿಲ್ ಗುಂಪು ಹೈಡ್ರೋಜನ್ ಕಳೆದುಕೊಂಡು ಋಣ ವಿದ್ಯುದಂಶ ಪಡೆದಾಗ ಸೀಸ, ಕ್ಯಾಡ್ಮಿಯಂ ಅಯಾನುಗಳನ್ನು ಸೆಳೆಯುತ್ತದೆ. ನೀರು ಬಹಳ ಆಮ್ಲೀಯವಾದರೆ ಹೈಡ್ರೋಜನ್ ಅಯಾನುಗಳೇ ಆ ಆಸನಗಳನ್ನು ಆಕ್ರಮಿಸುತ್ತವೆ. ಸಕ್ರಿಯ ಅಲ್ಯೂಮಿನಾದ ಮೇಲಿನ ಹೈಡ್ರಾಕ್ಸಿಲ್ ಗುಂಪು ತನ್ನ ಸ್ಥಾನ ಬಿಟ್ಟುಕೊಟ್ಟು ಫ್ಲೋರೈಡನ್ನು ಹಿಡಿದಿಡುತ್ತದೆ. ಕೋಲಾರ, ಪಾವಗಡದಂತಹ ಫ್ಲೋರೈಡ್ ಪೀಡಿತ ಸೀಮೆಗಳಿಗೆ ಇದು ಬರಿಯ ಪಠ್ಯದ ವಿಷಯವಲ್ಲ. ಮಕ್ಕಳ ಹಲ್ಲು, ಮೂಳೆಗಳ ಪ್ರಶ್ನೆ.

ಮೇಲ್ಮೈ ರಸಾಯನಶಾಸ್ತ್ರದ ಸಾಧನೆಗಾಗಿ 1932ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಸಹೋದ್ಯೋಗಿ ಕ್ಯಾಥರೀನ್ ಬ್ಲಾಡ್ಜೆಟ್ ಒಂದೊಂದೇ ಅಣುವಿನ ದಪ್ಪದ ಪದರಗಳನ್ನು ಗಾಜಿನ ಮೇಲೆ ಪೇರಿಸುವ ವಿದ್ಯೆ ಬೆಳೆಸಿದರು.

ಕೊನೆಯ ದಶಕದಲ್ಲಿ ಅವನ ಮನಸ್ಸು ಮೋಡಗಳತ್ತ ತಿರುಗಿತು. 1946ರಲ್ಲಿ ಸಹಾಯಕ ವಿನ್ಸೆಂಟ್ ಷೇಫರ್ ಒಣ ಮಂಜುಗಡ್ಡೆಯಿಂದ ಮೋಡ ಬಿತ್ತನೆ ಮಾಡಿ ತೋರಿಸಿದ. ನ್ಯೂ ಮೆಕ್ಸಿಕೊದಲ್ಲಿ ನಡೆಸಿದ ಬಿತ್ತನೆ ಬಹುದೂರದ ಪ್ರಾಂತ್ಯಗಳ ಮಳೆಯನ್ನೂ ಬದಲಿಸಿತೆಂದು ಲ್ಯಾಂಗ್‌ಮ್ಯೂರ್ ವಾದಿಸಿದ. ಹವಾಮಾನ ತಜ್ಞರು ಒಪ್ಪಲಿಲ್ಲ. ವಿಜ್ಞಾನಿಗಳು ತಮ್ಮ ಆಸೆಗೆ ತಾವೇ ಮರುಳಾಗುವ ಬಗೆಯನ್ನು ಕುರಿತು 1953ರಲ್ಲಿ ಪ್ರಸಿದ್ಧ ಉಪನ್ಯಾಸ ನೀಡಿದವನೂ ಅವನೇ. ಕರ್ನಾಟಕವೂ 2003ರಲ್ಲಿ ವರುಣ, 2017ರಲ್ಲಿ ವರ್ಷಧಾರಿ ಹೆಸರಿನಲ್ಲಿ ಮೋಡ ಬಿತ್ತನೆ ನಡೆಸಿತು. ಫಲದ ಬಗೆಗಿನ ಚರ್ಚೆ ಇಲ್ಲಿಯೂ ತಪ್ಪಲಿಲ್ಲ.

1957ರ ಆಗಸ್ಟ್ 16ರಂದು ಆತ ಮರಣ ಹೊಂದಿದ. ಎಲ್ಲ ಆಸನಗಳೂ ಸಮಾನವೆಂಬ ಅವನ ಊಹೆ ನಿಜವಾದ ಇಂಗಾಲಕ್ಕೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಬಗೆಬಗೆಯ ಕ್ರಿಯಾಗುಂಪುಗಳಿವೆ, ಒಂದೊಂದರ ಹಿಡಿತವೂ ಬೇರೆ. ಆದರೂ ಹೊಸ ಶೋಧಕವಸ್ತುವನ್ನು ಒರೆಗೆ ಹಚ್ಚುವವರು ಮೊದಲು ಕೈಗೆತ್ತಿಕೊಳ್ಳುವ ಅಳತೆಗೋಲುಗಳಲ್ಲಿ ಅವನ ಸಮೀಕರಣ ಇಂದಿಗೂ ಒಂದು.