ಎಲೆ ಉದುರುವ ಕಾಲ, ಮಳೆ ಹೊಯ್ಯುವ ಕಾಲ

ಮಕ್ಕಳೇ, ನ್ಯೂಜೆರ್ಸಿಯಲ್ಲಿ ಬೆಳೆಯುತ್ತಿರುವ ನಿಮಗೆ ಕಾಲೇಜು ಫುಟ್‌ಬಾಲ್ ಅಂದರೆ ಹೆಲ್ಮೆಟ್ಟು, ಭುಜಕ್ಕೆ ದಪ್ಪ ಮೆತ್ತೆ, ಎರಡೂ ತುದಿ ಚೂಪಾದ ಚೆಂಡು. ಮಂಗಳೂರಿನ ಅಜ್ಜ ಫುಟ್‌ಬಾಲ್ ಅಂದರೆ ಸಾಕು, ‘ಅದು ಸಾಕರ್, ಅಜ್ಜ’ ಎಂದು ತಿದ್ದುತ್ತೀರಿ. ಆದರೆ ಒಂದು ಕಾಲದಲ್ಲಿ ನಿಮ್ಮ ಊರಿನ ಕಾಲೇಜು ಹುಡುಗರೂ ಹೆಚ್ಚು ಕಡಿಮೆ ಅಜ್ಜನ ಆಟವನ್ನೇ ಆಡಿದ್ದರು!

1869ರ ನವೆಂಬರ್ 6. ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಪಂದ್ಯ. ಒಂದೊಂದು ಕಡೆಗೆ 25 ಜನ. ಚೆಂಡು ಗುಂಡಗಿತ್ತು; ಅದನ್ನು ಎತ್ತಿಕೊಂಡು ಓಡುವಂತಿರಲಿಲ್ಲ, ಎಸೆಯುವಂತಿರಲಿಲ್ಲ. ಸಮವಸ್ತ್ರವೂ ಇರಲಿಲ್ಲ. ಗುರುತಿಗೆಂದು ರಟ್ಗರ್ಸ್ ಹುಡುಗರು ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡರು. ನಮ್ಮ ಮುಂಡಾಸಿನ ಹಾಗೆ! ರಟ್ಗರ್ಸ್ 6-4ರಿಂದ ಗೆದ್ದಿತು. ವಾರ ಕಳೆದು ಪ್ರಿನ್ಸ್‌ಟನ್ 8-0ರಿಂದ ಸೇಡು ತೀರಿಸಿಕೊಂಡಿತು. ಮೂರನೆಯ ಪಂದ್ಯ ನಡೆಯಲೇ ಇಲ್ಲ. ಎರಡೇ ಪಂದ್ಯಕ್ಕೆ ಆ ವರ್ಷದ ಸೀಸನ್ ಮುಗಿಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಂಗಳೂರಿನಲ್ಲೂ ಕಾಲೇಜುಗಳು ಕಣ್ಣು ಬಿಡುತ್ತಿದ್ದವು. ಹಂಪನಕಟ್ಟೆಯ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿನ ಬೇರು 1868ರಷ್ಟು ಹಿಂದಿನದು. ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಮುಂದೆ ಅದು ಬಾವುಟಗುಡ್ಡೆ ಏರಿತು. ಈ ಎರಡು ಕಡೆಯಿಂದಲೂ ನಡೆದೇ ಹೋಗುವಷ್ಟು ದೂರದಲ್ಲಿ ಊರಿನ ದೊಡ್ಡ ಬಯಲು ಉಂಟು. ಹಿಂದೆ ಸೆಂಟ್ರಲ್ ಮೈದಾನ, ಈಗ ನೆಹರೂ ಮೈದಾನ.

ನಿಮ್ಮಲ್ಲಿ ಕಾಲೇಜು ಫುಟ್‌ಬಾಲ್ ಎಲೆ ಉದುರುವಾಗ ರಂಗೇರುತ್ತದೆ. ನಮ್ಮಲ್ಲಿ ಮಳೆ ಹೊಯ್ಯುವಾಗ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತದೆ. ಬೇಸಿಗೆಯಲ್ಲಿ ಬಿದ್ದರೆ ಮೊಣಕಾಲು ಕೆತ್ತುವ ಕೆಂಪು ನೆಲ ಮೆತ್ತಗಾಗುತ್ತದೆ. ಶಾಲೆ-ಕಾಲೇಜುಗಳೂ ಆಗಷ್ಟೇ ತೆರೆದಿರುತ್ತವೆ. ಹೊಸ ತಂಡ, ಹೊಸ ಕೆಸರು! ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನೆಹರೂ ಮೈದಾನದಲ್ಲಿ ವಿದ್ಯಾರ್ಥಿಗಳ ಫುಟ್‌ಬಾಲ್ ಟೂರ್ನಮೆಂಟು ನಡೆಯುತ್ತದೆ. ಕೊಡೆ ಹಿಡಿದು ನಿಂತವರು ಬೊಬ್ಬೆ ಹಾಕುತ್ತಾರೆ.

ಮಳೆಯ ಆಟದ ವಿದ್ಯೆಯೇ ಬೇರೆ. ನೀರು ನಿಂತಲ್ಲಿ ಚೆಂಡು ಉರುಳುವುದಿಲ್ಲ, ತಟ್ಟನೆ ನಿಲ್ಲುತ್ತದೆ. ಹಾಗಾಗಿ ಅಲ್ಲಿ ನೆಲದ ಮೇಲೆ ಪಾಸ್ ಕೊಡದೆ ಎತ್ತಿ ಹೊಡೆಯಬೇಕು. ನೆನೆದ ಚೆಂಡು ಗೋಲಿಯ ಕೈಯಿಂದ ಮೀನಿನಂತೆ ಜಾರುತ್ತದೆ. ಜಾರಿದ್ದನ್ನು ಒಳಗೆ ತಳ್ಳಲು ಒಬ್ಬ ಹತ್ತಿರದಲ್ಲೇ ಕಾಯುತ್ತಿರಬೇಕು. ಅರ್ಧ ಗಂಟೆಯಲ್ಲಿ ಎರಡೂ ತಂಡದ ಜೆರ್ಸಿ ಒಂದೇ ಬಣ್ಣ. ನನಗಂತೂ ಆಗೆಲ್ಲ ರಟ್ಗರ್ಸ್‌ನ ಆ ಕೆಂಪು ಮುಂಡಾಸು ನೆನಪಾಗುತ್ತದೆ: ನಮಗೂ ಒಂದೊಂದು ಬೇಕಿತ್ತು!

ನಿಮ್ಮ ಬೇಸಿಗೆ ರಜೆ ನಮ್ಮ ಮಳೆಗಾಲದಲ್ಲೇ ಬರುತ್ತದೆ. ಪ್ರತಿ ಸಲ ಊರಿಗೆ ಬಂದು, ‘ಹೊರಗೆ ಹೋಗಲಿಕ್ಕೇ ಆಗುವುದಿಲ್ಲ’ ಎಂದು ಕಿಟಕಿ ಬಳಿ ಮುಖ ಊದಿಸಿ ಕೂರುತ್ತೀರಿ. ಈ ಸಲ ಗುಡುಗು-ಮಿಂಚು ಇಲ್ಲದ ಒಂದು ಸಂಜೆ ನೋಡಿ, ಚೆಂಡು ಹಿಡಿದು ಅಜ್ಜನ ಜೊತೆ ಹೊರಡಿ. ಕೆಸರು ಕಾಲಲ್ಲಿ ಬಂದರೆ ಅಜ್ಜಿ ಬೈಯುತ್ತಾರೆ, ಅದು ಖಂಡಿತ. ಬೈಯುತ್ತಲೇ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿರುತ್ತಾರೆ, ಅದೂ ಖಂಡಿತ.