ಆಜ್ಞೆಗೆ ತಲೆಬಾಗಿದ ನಾಯಕ: ಸಂತ ಜೋಸೆಫ್ ವಾಜ್

ನಮ್ಮ ಧರ್ಮಕೇಂದ್ರಕ್ಕೆ ನೂರು ತುಂಬಿದ ಈ ಶುಭ ಸಂದರ್ಭದಲ್ಲಿ, ಅದಕ್ಕೂ ಬಹು ಹಿಂದೆ ಈ ಕರಾವಳಿಯ ವಿಶ್ವಾಸದ ಬೇರಿಗೆ ನೀರೆರೆದ ಒಬ್ಬ ಮಹನೀಯರನ್ನು ಸ್ಮರಿಸುವುದು ನಮ್ಮ ಕರ್ತವ್ಯ. ಅವರೇ ಸಂತ ಜೋಸೆಫ್ ವಾಜರು. ಮುನ್ನಡೆಸಬೇಕಾದವನು ಮೊದಲು ವಿಧೇಯನಾಗಿರಬೇಕೆಂಬ ಸತ್ಯಕ್ಕೆ ಅವರ ಬಾಳೇ ಸಾಕ್ಷಿ.

ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. 1676ರಲ್ಲಿ ಯಾಜಕ ದೀಕ್ಷೆ ಪಡೆದು, ಮರುವರ್ಷ ದೇವಮಾತೆಯ ದಾಸನೆಂದು ತಮ್ಮನ್ನು ಲಿಖಿತವಾಗಿ ಅರ್ಪಿಸಿಕೊಂಡರು. ಆ ದಿನಗಳಲ್ಲಿ ಸಿಂಹಳ ದ್ವೀಪದ ದುಃಸ್ಥಿತಿ ಅವರ ಕಿವಿಗೆ ಬಿತ್ತು. 1658ರಲ್ಲಿ ಪೋರ್ಚುಗೀಸರನ್ನು ಹೊರಗಟ್ಟಿದ ಡಚ್ಚರು ಅಲ್ಲಿಗೆ ಕಥೋಲಿಕ ಗುರುಗಳು ಬರುವುದನ್ನೇ ನಿಷೇಧಿಸಿದ್ದರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಅಲ್ಲಿನ ವಿಶ್ವಾಸಿಗಳು ಅನಾಥರಾಗಿದ್ದರು. ಅವರ ಬಳಿಗೆ ಹೋಗಲು ವಾಜರು ಹಾತೊರೆದರು. ಆದರೆ 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾಕ್ಕೆ ಹೋಗೆಂದರು. ಮನಸ್ಸು ಬಯಸಿದ್ದೊಂದು, ಬಂದ ಆಜ್ಞೆ ಮತ್ತೊಂದು. ಅವರು ಮರುಮಾತಾಡದೆ ಹೊರಟರು.

ಇಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ಕಾದಿತ್ತು. ಪೋರ್ಚುಗಲ್ ದೊರೆಯ ಪಾದ್ರುವಾದೊ ಹಕ್ಕನ್ನು ಆಧರಿಸಿದ ಗೋವೆಯ ಅಧಿಕಾರ ಒಂದು ಕಡೆ. ರೋಮಿನ ಪ್ರೊಪಗಾಂಡ ಸಭೆಯ ಮೂಲಕ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರ ಇನ್ನೊಂದು ಕಡೆ. ಯಾರಿಂದ ಪಡೆದ ಸಂಸ್ಕಾರ ಸಿಂಧು ಎಂದು ತಿಳಿಯದೆ ಬಡ ವಿಶ್ವಾಸಿಗಳು ಕಂಗೆಟ್ಟಿದ್ದರು. ವಾಜರು ಗೋವೆಯಿಂದ ಬಂದವರು. ಆದರೂ ಅವರು ಪಕ್ಷ ಕಟ್ಟಲಿಲ್ಲ, ಬೆಂಕಿಗೆ ತುಪ್ಪ ಸುರಿಯಲಿಲ್ಲ. ಧರ್ಮಾಧ್ಯಕ್ಷರೊಡನೆ ಗೌರವದಿಂದ ವ್ಯವಹರಿಸಿ, ಜನರಿಗೆ ಸಂಸ್ಕಾರಗಳು ತಪ್ಪದಂತೆ ಸಾಮರಸ್ಯದ ದಾರಿ ಹುಡುಕಿದರು. ಆ ವ್ಯಾಜ್ಯ ಅವರ ಕಾಲದಲ್ಲಿ ಮುಗಿಯಲಿಲ್ಲ. ಆದರೆ ಅವರ ನಾಲಗೆಯಿಂದ ಅದು ಬೆಳೆಯಲೂ ಇಲ್ಲ. ವಿಧೇಯತೆಯೆಂದರೆ ಒಂದು ಬಣಕ್ಕೆ ಅಂಟಿಕೊಳ್ಳುವುದಲ್ಲ, ದೇವರ ಮಂದೆ ಚದುರದಂತೆ ಕಾಯುವುದು ಎಂಬುದನ್ನು ಅವರು ನಡೆದು ತೋರಿಸಿದರು.

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ಸಮೂಹಜೀವನ ನಡೆಸುತ್ತಿದ್ದ ಕೆಲವು ಗುರುಗಳನ್ನು ಕೂಡಿಕೊಂಡರು. ಅವರೇ ಆ ಸಂಘದ ಹಿರಿಯರಾಗಿ, ಸಂತ ಫಿಲಿಪ್ ನೇರಿಯವರ ಓರೆಟರಿಯ ಕ್ರಮವನ್ನು ಅಲ್ಲಿ ನೆಲೆಗೊಳಿಸಿದರು. ದೊರೆತ ಹಿರಿತನವನ್ನು ಬಿಗಿಹಿಡಿಯದೆ 1686ರಲ್ಲಿ ಸಿಂಹಳಕ್ಕೆ ಹೊರಟರು. ಒಮ್ಮೆ ತಡೆಯಲ್ಪಟ್ಟ ಬಯಕೆಯನ್ನು ದೇವರು ತಕ್ಕ ಕಾಲದಲ್ಲಿ ಈಡೇರಿಸಿದರು.

1687ರಲ್ಲಿ ಅವರು ಬಡ ಕೂಲಿಯವನ ವೇಷದಲ್ಲಿ ಜಾಫ್ನಾ ತಲುಪಿದರು. ಕೊರಳಲ್ಲಿ ಜಪಸರ ಧರಿಸಿ ಮನೆಯಿಂದ ಮನೆಗೆ ಭಿಕ್ಷೆಗೆ ಹೋಗುತ್ತ, ಅದನ್ನು ಗುರುತಿಸಿದವರಿಂದ ಕಥೋಲಿಕರನ್ನು ಕಂಡುಕೊಂಡರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಬಂಧಿತರಾದರು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು. ಮುಂದೆ ಬೌದ್ಧನಾದ ಅರಸನೇ, ಎರಡನೆಯ ವಿಮಲಧರ್ಮಸೂರಿಯ, ಅವರಿಗೆ ಸಂಚಾರ ಸ್ವಾತಂತ್ರ್ಯ ನೀಡಿದನು. 1697ರಲ್ಲಿ ಸಿಡುಬು ಹಬ್ಬಿ ಜನರು ಊರು ಬಿಟ್ಟು ಓಡಿದಾಗ, ವಾಜರು ಮತಭೇದವೆಣಿಸದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಿನಯದಿಂದ ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಪೋಪ್ ಎರಡನೆಯ ಜಾನ್ ಪಾಲರು 1995ರಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸರು 2015ರಲ್ಲಿ ಸಂತರೆಂದೂ ಘೋಷಿಸಿದ್ದು ಅವರು ದುಡಿದ ಆ ದ್ವೀಪದ ಕೊಲಂಬೊ ನಗರದಲ್ಲಿಯೇ.

ಪ್ರಿಯ ವಿಶ್ವಾಸಿಗಳೇ, ವರ್ಗಾವಣೆಯ ಪತ್ರ ಕೈಸೇರಿದಾಗ ಗುರುಗಳಾದ ನಮ್ಮ ಮನಸ್ಸೂ ಒಮ್ಮೆ ಅಳುಕುತ್ತದೆ. ತನ್ನ ಮಾತು ನಡೆಯದಾಗ ಧರ್ಮಕೇಂದ್ರದ ಮುಖಂಡನಿಗೂ ಮುನಿಸು ಬರುತ್ತದೆ. ಆಗ ವಾಜರನ್ನು ನೆನೆಯೋಣ. ಬೇಡದ ಕೆನರಾಕ್ಕೆ ಅವರು ಮನಸಾರೆ ಬಂದುದರಿಂದಲೇ ನಮ್ಮ ಪೂರ್ವಜರಿಗೆ ಒಬ್ಬ ಸಂತರ ಸೇವೆ ಲಭಿಸಿತು. ಅವರ ವಿಧೇಯತೆಯ ಫಲವನ್ನು ಉಂಡವರು ನಾವು; ಆ ವಿಧೇಯತೆಯನ್ನು ಮುಂದಿನ ನೂರು ವರ್ಷದವರಿಗೆ ದಾಟಿಸುವ ಕೃಪೆ ಅವರ ಬಿನ್ನಹದಿಂದ ನಮಗೆ ದೊರೆಯಲಿ.